ದುರ್ಬೀನಿನ ಅಂಚಿನ ಹಸಿರು ಎಳೆ

"ನಿಮ್ಮ ಮುಂಡಾಸಿನ ಕೊಂಬನ್ನ ಸ್ವಲ್ಪ ಆ ಕಡೆ ತಿರುಗಿಸ್ಕೊಳ್ತೀರಾ ಸಾರ್ಜೆಂಟ್? ಇಲ್ಲಾಂದ್ರೆ ಮದುವೆಗೆ ಮುಂಚೆ ನನ್ನ ಒಂದು ಕಣ್ಣು ಹೋಗುತ್ತೆ."

ಮದುಮಗ ಉಸಿಯೇಲ್ ಹೀಗೆ ಅಂದದ್ದೇ ತಡ, ಮುಳ್ಳುಮರದ ಕೆಳಗೆ ಸೇರಿದ್ದ ಅವನ ಕಡೆಯ ಅರವತ್ತು ಜನ ನೆಂಟರೂ ಗೊಳ್ಳೆಂದರು. ಅಪವಾದ ಹೊತ್ತವನಿಗೇ ಇಷ್ಟು ನಗು ಬರುತ್ತಿದ್ದರೆ ಉಳಿದವರು ಯಾಕೆ ಬಿಗಿದುಕೊಂಡಿರಬೇಕು?

ಸಾರ್ಜೆಂಟ್ ಎಲ್ಫ್ರೀಡಾ ತಲೆ ತಿರುಗಿಸಿದಳು. ಹಸುವಿನ ಕೋಡಿನಂತೆ ಎರಡೂ ಕಡೆ ಚಾಚಿದ ಆ ಕೆಂಪು ಮುಂಡಾಸು, ಅದಕ್ಕೊಪ್ಪುವ ಕೆಂಪು ನಿಲುವಂಗಿ, ಅದರೊಳಗೆ ಆರು ಲಂಗ. ಸಮವಸ್ತ್ರ ಹಾಕಿಕೊಂಡೇ ಬರಬಹುದಿತ್ತು. ಆದರೆ ಶನಿವಾರದ ಈ ಮದುವೆಗೆಂದು ಮೂರು ತಿಂಗಳು ಕೂತು ಹೊಲಿದ ಬಟ್ಟೆಯನ್ನು ಒಂದು ಗುಂಡಿನ ಕೇಸಿಗಾಗಿ ಪೆಟ್ಟಿಗೆಯಲ್ಲಿಟ್ಟು ಬರುವ ಹೆಂಗಸು ಅವಳಲ್ಲ.

ಅವಳ ಮುಂದೆ ಕಂಬಳಿಯ ಮೇಲೆ ಉಸಿಯೇಲನ ಬಂದೂಕು ಮಲಗಿತ್ತು. ಗುರುವಾರ ಸಂಜೆ ಯಾರೋ ಇದೇ ಬಂದೂಕಿನಿಂದ ಹೆಣ್ಣಿನ ಸೋದರಮಾವ ಗೆರ್ಹಾರ್ಡರ ಬೀಜದ ಹೋರಿ ಕೈಸರನ ಬಲಗಿವಿಗೆ ತೂತು ಮಾಡಿದ್ದರು.

"ಹನ್ನೆರಡು ಗಂಟೆ," ಎಂದರು ಗೆರ್ಹಾರ್ಡ್. ಊರುಗೋಲನ್ನು ಮಣ್ಣಿಗೆ ಕುಟ್ಟಿ ನಿಂತಿದ್ದ ಆ ಹಿರಿಯರ ಮುಖದಲ್ಲಿ ಮಾತ್ರ ನಗುವಿರಲಿಲ್ಲ. "ಹನ್ನೆರಡಕ್ಕೆ ಇವರ ದಿಬ್ಬಣ ನನ್ನ ಬಾಗಿಲಿಗೆ ಬರುತ್ತೆ. ಅಷ್ಟರೊಳಗೆ ಇವನು ಹೊಡೆದಿಲ್ಲ ಅಂತ ನೀವು ಹೇಳ್ಬೇಕು. ಇಲ್ಲಾಂದ್ರೆ ವೆಟುನಾನ ಕೊಡಲ್ಲ. ನನ್ನ ಹೋರಿಗೆ ಗುಂಡು ಹೊಡೆಯೋನ ಕೈಗೆ ನನ್ನ ತಂಗಿ ಮಗಳನ್ನ ಹೇಗೆ ಕೊಡ್ಲಿ?"

"ತಾತೆ, ಆ ಹೋರಿ ನನ್ನ ಮಂಗಳವಾರ ಮುಳ್ಳುಮರ ಹತ್ತಿಸ್ತು. ಅದೂ ಇಡೀ ಊರಿನ ಮುಂದೆ," ಎಂದ ಉಸಿಯೇಲ್. ಹಿರಿಯ ಗಂಡಸರನ್ನು ಅಲ್ಲಿ ತಾತೆ, ಅಂದರೆ ಅಪ್ಪ, ಎಂದೇ ಕರೆಯುವುದು. "ಮರದ ಮೇಲಿಂದ 'ನಿನ್ನ ಸುಟ್ಟು ತಿಂತೀನಿ' ಅಂದಿದ್ದು ನಿಜ. ನೀವಾಗಿದ್ರೆ ಏನಂತಿದ್ರಿ?"

"ನಾನಾಗಿದ್ರೆ ಮರ ಹತ್ತುತ್ತಿರ್ಲಿಲ್ಲ."

ಮತ್ತೆ ನಗು. ಎಲ್ಫ್ರೀಡಾಳಿಗೂ ನಗು ಬಂತು, ಆದರೆ ಕೈಗಡಿಯಾರ ನೋಡಿಕೊಂಡಾಗ ಅದು ಅರ್ಧಕ್ಕೇ ನಿಂತಿತು. ಒಂಬತ್ತೂ ಮುಕ್ಕಾಲು. ಈ ಹುಡುಗ ಶಾಲೆ ಮೇಷ್ಟ್ರು, ಬಾಯಿ ದೊಡ್ಡದು, ಮನಸ್ಸು ಬೆಣ್ಣೆ. ಆ ಹುಡುಗಿ ಇವನಿಗಾಗಿ ನಾಲ್ಕು ವರ್ಷ ಕಾದಿದ್ದಾಳೆ. ಎಲ್ಲ ಸರಿಯಾಗಿ ನಡೆದರೆ ಇವತ್ತು ಸಂಜೆ ಕುಣಿತ, ಇಲ್ಲದಿದ್ದರೆ ಎರಡು ಮನೆತನಗಳ ನಡುವೆ ಮುಂದಿನ ಮೂವತ್ತು ವರ್ಷ ಮಾತಿಲ್ಲ ಕತೆಯಿಲ್ಲ.

"ತಾತೆ, ನಿಮ್ಮ ಲೆಕ್ಕ ಇನ್ನೊಂದು ಸಲ ಹೇಳಿ," ಎಂದಳು.

ಗೆರ್ಹಾರ್ಡ್ ಬಂದೂಕಿನ ತಲೆಯ ಮೇಲೆ ಕೂರಿಸಿದ್ದ ಪುಟ್ಟ ದುರ್ಬೀನಿನತ್ತ ಕೋಲು ತೋರಿಸಿದರು. "ಇದರ ನಳಿಗೆ ಗಿಡ್ಡ. ಬಾಯಲ್ಲಿ ತೂತು ತೂತಿನ ಟೋಪಿ. ಗುಂಡು ಹಾರಿದಾಗಲೆಲ್ಲ ಮದ್ದಿನ ಹೊಗೆ ಹಿಂದಕ್ಕೆ ಬಂದು ದುರ್ಬೀನಿನ ಮುಂದಿನ ಗಾಜಿಗೆ ಬಡಿಯುತ್ತೆ. ಬುಧವಾರ ಇವನು ಗುರಿ ನೋಡ್ಕೊಳ್ಳೋಕೆ ಇಪ್ಪತ್ತು ಗುಂಡು ಹಾರಿಸಿದ. ನಾನೇ ಪಕ್ಕದಲ್ಲಿದ್ದೆ. ಗಾಜು ಒಲೆ ಮೇಲಿನ ಮಡಕೆ ತಳದ ಥರ ಕಪ್ಪಾಗಿತ್ತು. ಗುರುವಾರ ಸಂಜೆ ಬಂದೂಕು ಸಿಕ್ಕಾಗ ಗಾಜು ಫಳಫಳ. ಒಂದೇ ಒಂದು ಗುಂಡಿನ ಚುಕ್ಕೆಗಳು. ಅಂದ್ರೆ ಇವನು ಕಣ್ಣಿಗೆ ಸರಿಯಾಗಿ ಕಾಣ್ಲಿ ಅಂತ ಒರೆಸಿ, ಆಮೇಲೆ ನನ್ನ ಕೈಸರನಿಗೆ ಗುರಿ ಇಟ್ಟಿದ್ದಾನೆ."

ಲೆಕ್ಕದಲ್ಲಿ ತಪ್ಪಿರಲಿಲ್ಲ. ರಾಜಧಾನಿ ವಿಂಡ್‌ಹುಕ್ ಪೊಲೀಸ್ ಶಸ್ತ್ರಾಗಾರದಲ್ಲಿ ಹನ್ನೆರಡು ವರ್ಷ ಬಂದೂಕು ಬಿಚ್ಚಿ ಜೋಡಿಸಿದ ಎಲ್ಫ್ರೀಡಾ ಇದನ್ನು ನಿನ್ನೆಯೇ ಒಪ್ಪಿಕೊಂಡಿದ್ದಳು. ಗಾಜು ಒರೆಸಿದವನು ಯಾರು ಅನ್ನೋದೊಂದೇ ಬಾಕಿ.

ಅವಳು ಚೀಲದಿಂದ ಇನ್ನೊಂದು ದುರ್ಬೀನು ತೆಗೆದಳು. ಠಾಣೆಯ ಹಳೆಯದು. ಬೆಳಿಗ್ಗೆ ಆರಕ್ಕೇ ಎದ್ದು ಹದಿನೈದು ಗುಂಡು ಹಾರಿಸಿ ಅದರ ಗಾಜಿಗೆ ಮಸಿ ಹಿಡಿಸಿಕೊಂಡು ಬಂದಿದ್ದಳು.

"ಮೇಷ್ಟ್ರೇ, ಇದನ್ನ ಒರೆಸಿ."

"ಈಗಲಾ?"

"ಈಗಲೇ."

ಉಸಿಯೇಲ್ ದುರ್ಬೀನನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಹಾ ಎಂದು ಬಾಯಿಯ ಬಿಸಿಯುಸಿರು ಬಿಟ್ಟ. ಸಾಲದೆನಿಸಿತೋ ಏನೋ, ಸಣ್ಣಗೆ ಉಗುಳಿದ. ಆಮೇಲೆ ಹೊಸ ಅಂಗಿಯ ತುದಿಯನ್ನು ಪ್ಯಾಂಟಿನಿಂದ ಹೊರಗೆಳೆದು, ಪಾತ್ರೆ ತಿಕ್ಕುವ ಹಾಗೆ ಗರಗರ ಉಜ್ಜಿದ.

ಎಲ್ಫ್ರೀಡಾಳ ಹಲ್ಲು ಜುಮ್ಮೆಂದಿತು. ಆ ಮಸಿಯಲ್ಲಿ ಉರಿಯದೆ ಉಳಿದ ಮದ್ದಿನ ಹರಳುಗಳಿರುತ್ತವೆ. ಒಣಗಿದ್ದಾಗ ಉಜ್ಜಿದರೆ ಮರಳಿನಿಂದ ಗಾಜು ತಿಕ್ಕಿದಂತೆ. ಉಸಿಯೇಲ್ ಹೆಮ್ಮೆಯಿಂದ ವಾಪಸು ಕೊಟ್ಟಾಗ ಠಾಣೆಯ ದುರ್ಬೀನಿನ ಗಾಜಿನ ಮೇಲೆ ಕೋಳಿ ಕೆದರಿದಂಥ ಗೀರುಗಳು. ನಡುವೆ ಮಸಿ ಹಾಗೇ ಇತ್ತು, ಬದಿಗೆ ಸ್ವಲ್ಪ ಹರಡಿತ್ತು ಅಷ್ಟೆ.

"ಆಯ್ತು ನೋಡಿ," ಎಂದ.

"ನಾಟಕ," ಎಂದರು ಗೆರ್ಹಾರ್ಡ್.

ಎಲ್ಫ್ರೀಡಾ ಕೈ ಚಾಚಿ ಮದುಮಗನ ಮೂಗಿನ ಮೇಲಿದ್ದ ಕನ್ನಡಕವನ್ನೇ ಕಿತ್ತು ಮುದುಕರ ಕೈಗಿಟ್ಟಳು. "ಬೆಳಕಿಗೆ ಹಿಡಿದು ನೋಡಿ ತಾತೆ. ನಿಮಗೆ ನಾಟಕ ತೋರಿಸೋಕೆ ಇವನು ನಾಲ್ಕು ವರ್ಷದಿಂದ ತನ್ನ ಕನ್ನಡಕ ಉಜ್ಜಿ ಉಜ್ಜಿ ಹಾಳು ಮಾಡ್ಕೊಂಡಿರ್ಬೇಕು."

ಗೆರ್ಹಾರ್ಡ್ ಬೆಳಕಿಗೆ ಹಿಡಿದರು. ಗೀರುಗಳ ಮೂಲಕ ಅವರಿಗೆ ಏನೂ ಕಂಡಿರಲಿಕ್ಕಿಲ್ಲ. ಕನ್ನಡಕವನ್ನು ಹಿಂತಿರುಗಿಸಿ, "ಇವನಿಗೆ ಹೋರಿ ಹೇಗೆ ಕಂಡಿತೋ," ಎಂದು ಗೊಣಗಿದರು. "ಆದ್ರೂ ಹನ್ನೆರಡು ಅಂದ್ರೆ ಹನ್ನೆರಡೇ. ಒರೆಸಿದವರು ಬೇರೆ ಆದ್ರೆ ಅವರ ಹೆಸರು ಬೇಕು ನಂಗೆ."

ಅವರು ಮನೆಯ ಕಡೆ ನಡೆದರು.

ಎಲ್ಫ್ರೀಡಾ ಭೂತಗನ್ನಡಿ ಹಿಡಿದು ಉಸಿಯೇಲನ ದುರ್ಬೀನಿನ ಮೇಲೆ ಬಾಗಿದಳು. ನಿನ್ನೆಯಿಂದ ಇದು ಹತ್ತನೇ ಸಲ. ಆದರೂ ಒಂದು ಸುಂದರವಾದ ಕೆಲಸವನ್ನು ಹತ್ತು ಸಲ ನೋಡಿದರೂ ಬೇಸರ ಬರದು. ಒಂದೇ ಒಂದು ಗೀರಿಲ್ಲ. ನಡುವಿನಿಂದ ಅಂಚಿನವರೆಗೆ ಸುತ್ತಿ ಸುತ್ತಿ ಒರೆಸಿದ ಕೈ. ಗಾಜಿನ ಮೇಲಿನ ನೀಲಿ ಲೇಪ ಅಂಗಡಿಯಿಂದ ಬಂದ ದಿನದ ಹಾಗೆ ಹೊಳೆಯುತ್ತಿತ್ತು.

ಅದರ ಮೇಲೆ ಕೂತಿದ್ದ ಹೊಸ ಚುಕ್ಕೆಗಳಲ್ಲಿ ಒಂದನ್ನು ಮೆತ್ತನೆಯ ಬಟ್ಟೆಯ ತುದಿಯಿಂದ ಮುಟ್ಟಿದಳು. ತಿಕ್ಕಲೂ ಬೇಕಾಗಲಿಲ್ಲ, ಎದ್ದು ಬಂತು. ಚುಕ್ಕೆಯ ಕೆಳಗೆ ಕಂಡೂ ಕಾಣದಂಥ ಜಿಡ್ಡಿನ ಪದರ. ಮೂಗಿಗೆ ಹಿಡಿದಳು. ಜೇನುಮೇಣ.

ಒರೆಸಿದ ಮೇಲೆ ತೆಳ್ಳಗೆ ಮೇಣ ಸವರಿದ್ದಾರೆ, ಮುಂದಿನ ಮಸಿ ಗಾಜಿಗೆ ಅಂಟದಿರಲಿ ಅಂತ. ಹಾಗಾದರೆ ಆ ಗುಂಡು ಹಾರಿದ್ದು ಮೇಣ ಸವರಿದ ಮೇಲೆ. ಯಾರಪ್ಪಾ ಈ ಜಾಣರು? ಹನ್ನೆರಡು ವರ್ಷದ ಕೆಲಸದಲ್ಲಿ ತನಗೇ ಹೊಳೆಯದ ಉಪಾಯ ಇದು.

ಆಗಲೇ ಅವಳಿಗೆ ಅದು ಕಂಡಿದ್ದು. ಗಾಜು ಲೋಹದ ಬಳೆಯೊಳಗೆ ಸೇರುವ ಸಂದಿಯಲ್ಲಿ, ಉಗುರಿನ ಅರ್ಧದಷ್ಟು ಉದ್ದದ ಒಂದು ನೂಲಿನ ಎಳೆ. ಚಿಮುಟದಿಂದ ಎಳೆದು ಬಿಳಿ ಕಾಗದದ ಮೇಲಿಟ್ಟಳು. ಹಸಿರು. ಗಿಳಿಯ ರೆಕ್ಕೆಯ ಹಸಿರು.

"ಮದುವೆಗೆ ಬಂದಿದ್ದೀಯೋ, ಗಾಜು ಒರೆಸೋಕೆ ಬಂದಿದ್ದೀಯೋ?"

ಗಂಡ ಜೆಡೆಕಿಯಾ ಚಹಾದ ಲೋಟ ಹಿಡಿದು ನಿಂತಿದ್ದ. ದಿಬ್ಬಣದ ಹಾಡಿಗೆ ಮೊದಲ ದನಿ ಯಾವಾಗಲೂ ಅವನದೇ. ಸುತ್ತ ನಲವತ್ತು ಮೈಲಿಯಲ್ಲಿ ಅವನಿಲ್ಲದೆ ಮದುವೆ ಹೊರಡುವುದಿಲ್ಲ.

"ಎರಡಕ್ಕೂ," ಎಂದಳು ಎಲ್ಫ್ರೀಡಾ. "ನಿನ್ನ ಗಂಟಲು ಹೇಗಿದೆ?"

"ಗಂಟಲಿಗೇನು. ನಿನ್ನ ಹುಡುಗನ್ನ ಬಿಡಿಸ್ತೀಯೋ ಇಲ್ವೋ ಹೇಳು. ಹಾಡು ಶುರು ಮಾಡಿ ಅರ್ಧ ದಾರಿಯಲ್ಲಿ ವಾಪಸು ಬರೋಕೆ ನನ್ನ ಕೈಲಾಗಲ್ಲ, ಮರ್ಯಾದೆ ಪ್ರಶ್ನೆ."

"ಹಸಿರು ನಿಲುವಂಗಿ ಯಾರು ಹಾಕಿದ್ದಾರೆ ನೋಡು."

ಅವನು ಜನರ ಕಡೆ ನೋಡಿದ. ಎರಡೂ ಕಡೆಯ ನೂರು ಹೆಂಗಸರು, ನೂರು ಬಣ್ಣ. ಬಾಟಲಿ ಹಸಿರಿತ್ತು, ಎಲೆ ಹಸಿರಿತ್ತು, ಹಳದಿ ಬೆರೆತ ಹಸಿರಿತ್ತು. ಎಲ್ಫ್ರೀಡಾ ಕಾಗದ ಹಿಡಿದು ಒಬ್ಬೊಬ್ಬರ ತೋಳಿಗೂ ಹೋಲಿಸಿ ಬಂದಳು. ಹೆಂಗಸರು ತಾವೇ ತೋಳು ಮುಂದೆ ಚಾಚಿ, "ನಂದೂ ನೋಡಿ, ಒಂದು ರಾತ್ರಿ ಲಾಕಪ್ಪಿನಲ್ಲಿ ಮಲಗಿದ್ರೆ ಅಡುಗೆ ತಪ್ಪುತ್ತೆ," ಎಂದು ಕೀಟಲೆ ಮಾಡಿದರು. ಯಾವುದೂ ಹೊಂದಲಿಲ್ಲ.

ಆದರೆ ಈ ಮದುವೆಯಲ್ಲಿ ಇನ್ನೂ ಯಾರೂ ನೋಡದ ಒಂದು ನಿಲುವಂಗಿ ಉಂಟಲ್ಲ. ಹೆಣ್ಣು ತವರಿನಿಂದ ಹೊರಡುವಾಗ ಉಡುವುದು. ಅದರ ಬಟ್ಟೆಯ ಬಣ್ಣವನ್ನು ಆ ಕೋಣೆಯ ಹೊರಗೆ ಒಂದು ನರಪಿಳ್ಳೆಗೂ ಹೇಳುವುದಿಲ್ಲ.

ಎಲ್ಫ್ರೀಡಾ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದಳು.

* * *

ಹೆಣ್ಣಿನ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಸೋದರತ್ತೆ ಹಿಲ್ಡೆಗಾರ್ಡ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕುರ್ಚಿ ಕಾಣುತ್ತಿರಲಿಲ್ಲ, ಬಾಗಿಲೂ ಅಷ್ಟಾಗಿ ಕಾಣುತ್ತಿರಲಿಲ್ಲ.

"ಮೊರೋ, ಮಾಮಾ ಹಿಲ್ಡೆಗಾರ್ಡ್," ಎಂದು ಎಲ್ಫ್ರೀಡಾ ನಮಸ್ಕಾರ ಹೇಳಿದಳು. ಹಿರಿಯ ಹೆಂಗಸರೆಲ್ಲ ಅಲ್ಲಿ ಮಾಮಾ, ಅಂದರೆ ಅಮ್ಮ.

"ಮೊರೋ. ಇಲ್ಲ."

"ನಾನಿನ್ನೂ ಏನೂ ಕೇಳಿಲ್ಲ."

"ಒಳಗೆ ಬಿಡು ಅಂತ ಕೇಳ್ತೀರಿ. ಇಲ್ಲ. ಪೊಲೀಸರು ಅಂದ್ರೆ ಕೆಟ್ಟ ಸುದ್ದಿ. ಸೋಮವಾರದಿಂದ ಈ ಬಾಗಿಲು ದಾಟಿ ಒಂದು ಕೆಟ್ಟ ಸುದ್ದಿ ಒಳಗೆ ಹೋಗಿಲ್ಲ. ನಮ್ಮ ಹುಡುಗಿ ನಗ್ತಾ ಹೋಗ್ಬೇಕು."

ಎಲ್ಫ್ರೀಡಾ ತಡೆದು ನಿಂತಳು. "ಹಾಗಾದ್ರೆ ಕೈಸರನ ವಿಷಯ?"

"ಶ್," ಎಂದಳು ಹಿಲ್ಡೆಗಾರ್ಡ್. "ಗುರುವಾರ ಗುಂಡಿನ ಸದ್ದು ಕೇಳಿ ಏನದು ಅಂದ್ಲು. ನೆಂಟರು ಸಂತೋಷಕ್ಕೆ ಹಾರಿಸಿದ್ದು ಅಂದೆ. ಚಪ್ಪಾಳೆ ತಟ್ಟಿದ್ಲು ಪಾಪ."

ಅಂದರೆ ಮದುಮಗಳಿಗೆ ಏನೂ ತಿಳಿಯದು. ಹೋರಿಯ ಕಿವಿ ತಿಳಿಯದು, ತನ್ನ ಗಂಡಾಗುವವನ ಮೇಲಿನ ಅಪವಾದ ತಿಳಿಯದು, ಇನ್ನು ಅರ್ಧ ಗಂಟೆಯಲ್ಲಿ ಮದುವೆಯೇ ಮುರಿಯಬಹುದು ಅನ್ನುವುದೂ ತಿಳಿಯದು.

"ಮಾಮಾ, ನಾನು ಪೊಲೀಸಾಗಿ ಬಂದಿಲ್ಲ. ನೋಡಿ, ಕಂಕುಳ ಹೊಲಿಗೆ ಬಿಚ್ಚಿದೆ." ಎತ್ತಿ ತೋರಿಸಿದಳು. ದಾರಿಯಲ್ಲಿ ಅವಳೇ ಬಿಚ್ಚಿಕೊಂಡದ್ದು. ಒಂದೊಂದು ಹೊಲಿಗೆ ಕೀಳುವಾಗಲೂ ಕರುಳು ಕಿತ್ತಂತಾಗಿತ್ತು. "ಇಡೀ ಊರಲ್ಲಿ ಈಗ ಹೊಲಿಗೆ ಮೆಷಿನ್ ಇರೋದು ಒಳಗೆ ಮಾತ್ರ. ಹೀಗೇ ಕುಣಿಯೋಕೆ ಹೋಗ್ಲಾ?"

ಹೊಲಿಗೆ ಬಿಚ್ಚಿದ ಹೆಂಗಸನ್ನು ವಾಪಸು ಕಳಿಸುವಷ್ಟು ಕಲ್ಲುಮನಸ್ಸು ಹಿಲ್ಡೆಗಾರ್ಡಳಿಗೆ ಇರಲಿಲ್ಲ. "ಆ ಬಂದೂಕು ಇಲ್ಲಿಡಿ," ಎಂದಳು.

ಎಲ್ಫ್ರೀಡಾ ಒಪ್ಪಿದಳು. ಆದರೆ ಸಾಕ್ಷಿಯ ಬಂದೂಕನ್ನು ಇಡಿಯಾಗಿ ಯಾರ ಕೈಗಾದರೂ ಕೊಡುವುದುಂಟೇ? ಗುಂಡನ್ನು ಒಳಕ್ಕೆ ತಳ್ಳಿ ಸಿಡಿಸುವ ಉಕ್ಕಿನ ಬೋಲ್ಟನ್ನು ಹಿಂದಕ್ಕೆಳೆದು ಬಿಡಿಸಿ, ನಿಲುವಂಗಿಯ ಜೇಬಿಗೆ ಇಳಿಸಿದಳು. ಬೋಲ್ಟಿಲ್ಲದ ಬಂದೂಕು ಬರೀ ಕೋಲು. ಆ ಕೋಲನ್ನು ಹಿಲ್ಡೆಗಾರ್ಡ್ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುರ್ಚಿ ಸರಿಸಿದಳು.

ಒಳಗೆ ಕಿಟಕಿಯ ಪಕ್ಕ ವೆಟುನಾ ಮೆಷಿನ್ನಿನ ಮುಂದೆ ಕೂತು ತನ್ನ ಅಂಚನ್ನು ತಾನೇ ಹೊಲಿಯುತ್ತಿದ್ದಳು. ಕಾಲಿನಿಂದ ಕುತ್ತಿಗೆಯವರೆಗೂ ಗಿಳಿಯ ರೆಕ್ಕೆಯ ಹಸಿರು.

"ಬನ್ನಿ ಮಾಮಾ ಎಲ್ಫ್ರೀಡಾ," ಎಂದು ಎದ್ದಳು. ಮುಖದ ತುಂಬ ನಗು. "ಚೆನ್ನಾಗಿದೆಯಾ?"

ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಸಾರ್ಜೆಂಟ್ ಒಂದು ಗಳಿಗೆ ಬಂದ ಕೆಲಸವನ್ನೇ ಮರೆತು ಮಡಿಕೆಗಳನ್ನು ಮುಟ್ಟಿ ನೋಡಿದಳು. ಆಮೇಲೆ ಬಾಗಿಲು ಮುಚ್ಚಿ, ಕಾಗದ ಬಿಚ್ಚಿ, ಹಸಿರು ಎಳೆಯನ್ನು ಮೆಷಿನ್ನಿನ ಮೇಲಿಟ್ಟಳು.

"ಉಸಿಯೇಲನ ದುರ್ಬೀನಿನಲ್ಲಿ ಸಿಕ್ತು."

ವೆಟುನಾ ಎಳೆಯನ್ನು ನೋಡಿದಳು. ಕೆನ್ನೆ ಕಪ್ಪುಗೆಂಪಾಯಿತು. "ಅಯ್ಯೋ. ಒಂದೆಳೆ ಉಳೀತಾ? ಎರಡು ಸಲ ಊದಿದ್ದೆ."

"ಯಾವಾಗ ಒರೆಸಿದೆ?"

"ಅತ್ತೆಗೆ ಹೇಳ್ಬೇಡಿ ಮಾಮಾ. ಗುರುವಾರ ಮಧ್ಯಾಹ್ನ. ಅವನು ಸಕ್ಕರೆ, ಹಿಟ್ಟಿನ ಮೂಟೆ ಇಳಿಸಿ ಗಾಡೀನ ಕಿಟಕಿ ಹಿಂದೇನೇ ನಿಲ್ಲಿಸಿ ಹೋದ. ಅತ್ತೆ ನಿದ್ದೆ ಹೋಗಿದ್ರು. ಕಿಟಕಿಯಿಂದ ಇಳಿದೆ."

"ಆರು ಲಂಗ ಉಟ್ಕೊಂಡು?"

"ಬಿಚ್ಚಿಟ್ಟು ಇಳಿದೆ." ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ಅವನ ಮುಖ ನೋಡೋಕೆ ಇಳಿದದ್ದು, ಅವನಿರ್ಲಿಲ್ಲ, ಬಂದೂಕಿತ್ತು. ದುರ್ಬೀನು ನೋಡಿದ್ರೆ ಹೊಟ್ಟೆ ಉರೀತು ಮಾಮಾ. ಇವತ್ತು ನಮ್ಮ ಮಾವಂದಿರೆಲ್ಲ ನೋಡ್ತಿರುವಾಗ ಮದುವೆ ಊಟದ ಎತ್ತನ್ನ ಅವನೇ ಒಂದೇ ಗುಂಡಿಗೆ ಕೆಡವಬೇಕು. ಆ ಮಸಿಯಲ್ಲಿ ಎತ್ತು ಯಾವುದು, ಮಾವ ಯಾರು ಅಂತಾನೂ ಕಾಣ್ತಿರ್ಲಿಲ್ಲ."

"ಹೇಗೆ ಒರೆಸಿದೆ, ಹೇಳು."

"ನೀವೇ ಕಲಿಸಿದ್ದಲ್ವಾ, ಹೆಂಗಸರ ಬಂದೂಕು ತರಗತಿಯಲ್ಲಿ. ಮುಟ್ಟೋಕೆ ಮುಂಚೆ ಊದ್ಬೇಕು. ಊದಿದೆ. ಪೌಡರ್ ಹಚ್ಚೋ ಹೊಸ ಬ್ರಷ್ಷಿತ್ತು, ಅದರಲ್ಲಿ ಹರಳೆಲ್ಲ ಗುಡಿಸಿದೆ. ಆಮೇಲೆ ಬಟ್ಟೆಗೆ ಒಂದು ಹನಿ ಸ್ಪಿರಿಟ್, ಗಾಜಿಗಲ್ಲ, ಬಟ್ಟೆಗೆ. ಮಸಿ ನೆನೆಯೋವರೆಗೂ ಕಾದೆ. ನಡುವಿನಿಂದ ಸುತ್ತಿ ಸುತ್ತಿ ಅಂಚಿಗೆ. ಪ್ರತಿ ಸುತ್ತಿಗೂ ಬಟ್ಟೆಯ ಹೊಸ ಜಾಗ. ಮೂರು ಸಲ ತೊಳೆದು ಮೆತ್ತಗೆ ಮಾಡಿದ ಬಟ್ಟೆ ಅಂದ್ರೆ ನನ್ನ ಹತ್ರ ಇದೇ ಇದ್ದದ್ದು, ಈ ನಿಲುವಂಗಿ ಕತ್ತರಿಸಿ ಉಳಿದ ತುಂಡು."

"ಮೇಣ?"

"ಅದು ನನ್ನ ತಲೆ." ವೆಟುನಾ ಹೊಲಿಗೆ ಪೆಟ್ಟಿಗೆಯಿಂದ ನೂಲಿಗೆ ಸವರುವ ಜೇನುಮೇಣದ ಉಂಡೆ ಎತ್ತಿ ತೋರಿಸಿದಳು. "ನೂಲಿಗೆ ಹಚ್ಚಿದ್ರೆ ಕೊಳೆ ಹಿಡಿಯಲ್ಲ. ಗಾಜಿಗೂ ಹಿಡಿಯಬಾರದಲ್ವಾ ಅಂದ್ಕೊಂಡೆ. ತಪ್ಪಾ?"

ಎಲ್ಫ್ರೀಡಾಳ ಎದೆ ಉಬ್ಬಿತು. ಇಷ್ಟು ವರ್ಷ ಕಲಿಸಿದ್ದಕ್ಕೆ ಒಬ್ಬಳಾದರೂ ಗುರುವನ್ನು ಮೀರಿದಳಲ್ಲ ಎಂದು ನಿಜವಾಗಿಯೂ ಖುಷಿಯಾಯಿತು. ಆ ಖುಷಿಯ ಮೇಲೆಯೇ ಹೇಳಬೇಕಾದ ಮಾತು ಬಂದು ಕೂತಿತು.

"ತಪ್ಪಲ್ಲ ಮಗಳೇ. ಆದರೆ ಆ ಒರೆಸಿದ ಗಾಜನ್ನೇ ನಿನ್ನ ಮಾವ ಸಾಕ್ಷಿ ಮಾಡಿದ್ದಾರೆ." ಎಲ್ಲವನ್ನೂ ಹೇಳಿದಳು. ಗುರುವಾರದ ಸದ್ದು, ಕೈಸರನ ಕಿವಿ, ಗಾಡಿಯ ಸೀಟಿನ ಮೇಲೆ ಇನ್ನೂ ಬಿಸಿಯಿದ್ದ ಬಂದೂಕು, ಅದನ್ನು ತರಲು ಅದೇ ಹೊತ್ತಿಗೆ ಬಂದು ಸಿಕ್ಕಿಬಿದ್ದ ಉಸಿಯೇಲ್, ಹನ್ನೆರಡು ಗಂಟೆಯ ಗಡುವು.

ವೆಟುನಾಳ ನಗು ಇಳಿಯುತ್ತಾ ಹೋಯಿತು. ಅಳುತ್ತಾಳೆ ಎಂದುಕೊಂಡಳು ಎಲ್ಫ್ರೀಡಾ. ಅವಳು ಅಳಲಿಲ್ಲ, ಹುಬ್ಬು ಗಂಟಿಕ್ಕಿದಳು.

"ಯಾವ ಬಂದೂಕಿನಿಂದ ಹೊಡೆದ್ರು ಅಂದ್ರಿ?"

"ಉಸಿಯೇಲನದ್ದೇ."

"ಆಗೋದೇ ಇಲ್ಲ."

"ಮೇಣದ ಮೇಲೆ ಮಸಿ ಕೂತಿದೆ ವೆಟುನಾ. ನಾನೇ ನೋಡಿದ್ದೀನಿ."

"ಮಾಮಾ, ಆ ಬಂದೂಕು ಹಾರೋಕೇ ಸಾಧ್ಯವಿಲ್ಲ." ವೆಟುನಾ ನೂಲಿನ ಬುಟ್ಟಿಗೆ ಕೈ ಹಾಕಿ, ಬುಡದಿಂದ ಬಿಳಿ ಬಟ್ಟೆ ಸುತ್ತಿದ ಏನನ್ನೋ ತೆಗೆದಳು. ಬಿಚ್ಚಿದಳು. ಒಂದು ಬೋಲ್ಟು, ಎಣ್ಣೆ ಹಾಕಿ ಒರೆಸಿದ್ದು. "ಒರೆಸಿದ ಮೇಲೆ ಇದನ್ನ ಬಿಚ್ಕೊಂಡು ಬಂದೆ. ಮದುವೆಮನೆ, ಗಂಡಸರು ಕುಡೀತಾರೆ, ಬಾಗಿಲಿಗೆ ಬೀಗ ಹಾಕದ ಗಾಡಿ. ಯಾರಾದ್ರೂ ಆಟಕ್ಕೆ ತೆಗೆದ್ರೆ? ಇವತ್ತು ದಿಬ್ಬಣ ಬಂದಾಗ ಅತ್ತೆ ಕೈಲಿ ಕಳಿಸೋಣ ಅಂತಿದ್ದೆ. ಗುರುವಾರ ಮಧ್ಯಾಹ್ನದಿಂದ ಇದು ನನ್ನ ಬುಟ್ಟೀಲೇ ಇದೆ."

ಎಲ್ಫ್ರೀಡಾ ನಿಧಾನವಾಗಿ ತನ್ನ ಜೇಬಿಗೆ ಕೈ ಇಳಿಸಿದಳು. ಬಂದೂಕಿನಿಂದ ತಾನೇ ಬಿಡಿಸಿದ ಬೋಲ್ಟನ್ನು ಮೆಷಿನ್ನಿನ ಮೇಲೆ, ಮೊದಲನೆಯದರ ಪಕ್ಕ ಇಟ್ಟಳು.

ಎರಡು ಬೋಲ್ಟು. ಒಂದೇ ಕಂಪನಿ, ಒಂದೇ ಅಳತೆ.

ತಿರುಗಿಸಿ ಅಡಿಯ ಅಂಕಿ ಓದಿದಳು. ವೆಟುನಾಳ ಬುಟ್ಟಿಯದರ ಕೊನೆಯಲ್ಲಿ 417. ಉಸಿಯೇಲನ ನಳಿಗೆಯ ಮೇಲೂ 417, ಅದು ನಿನ್ನೆಯಿಂದ ಅವಳಿಗೆ ಬಾಯಿಪಾಠ. ಜೇಬಿನದರಲ್ಲಿ 632. ಕಂಪನಿಯ ಹೆಸರು, ಅಳತೆ ಎಲ್ಲ ಸರಿಯಿದ್ದುದರಿಂದ ಈ ಒಂದು ಅಂಕಿಯನ್ನು ಹೋಲಿಸಿ ನೋಡಲೇ ಇಲ್ಲವಲ್ಲ. ಹನ್ನೆರಡು ವರ್ಷದ ಶಸ್ತ್ರಾಗಾರ, ಥೂ ನಿನ್ನ, ಎಂದು ತನ್ನನ್ನೇ ಬೈದುಕೊಂಡಳು. ಬೈಗುಳ ಮುಗಿಯುವ ಮೊದಲೇ ನಗು ಬಂತು.

"ಅವನಲ್ಲ," ಎಂದಳು. "ವೆಟುನಾ, ಅವನಲ್ಲ. ಹೊಡೆದವನು ಬಂದೂಕು ಕದಿಯೋಕೆ ಬಂದ, ಬೋಲ್ಟಿಲ್ಲ. ಹೋಗಿ ಇನ್ನೊಂದು ತಂದ. ಇದೇ ಜಾತಿಯ ಬೋಲ್ಟು ಕೈಗೆ ಸಿಗುವಂಥವನು. ಉಸಿಯೇಲನ ಹತ್ರ ಎರಡನೇ ಬೋಲ್ಟು ಎಲ್ಲಿಂದ ಬರ್ಬೇಕು? ಇರೋ ಒಂದನ್ನೇ ಕಾಣೆಯಾಗಿದೆ ಅಂತ ಗೊತ್ತುಮಾಡ್ಕೊಳ್ಳದ ಪುಣ್ಯಾತ್ಮ."

ವೆಟುನಾ ಅವಳನ್ನು ಅಪ್ಪಿಕೊಂಡಳು. ಹಸಿರೂ ಕೆಂಪೂ ಹನ್ನೆರಡು ಲಂಗಗಳೂ ಒಂದಾಗಿ, ಪಕ್ಕದ ಸ್ಟೂಲು ಉರುಳಿತು. ಹೊರಗಿನಿಂದ ಹಿಲ್ಡೆಗಾರ್ಡ್, "ಏನು ಹೊಲಿಗೆ ಅದು?" ಎಂದು ಕೂಗಿದಳು.

ಅಪ್ಪುಗೆ ಬಿಟ್ಟ ಮೇಲೆ ವೆಟುನಾ ಎರಡನೇ ಬೋಲ್ಟನ್ನು ಕೈಗೆತ್ತಿಕೊಂಡಳು. ಅದರ ಹಿಡಿಯ ದುಂಡು ತುದಿಯ ಮೇಲೆ ಹೆಬ್ಬೆರಳಾಡಿಸಿದಳು. ಒಂದು ಕಡೆ ಸುತ್ತಿಗೆ ತಾಗಿ ಚಪ್ಪಟೆಯಾಗಿತ್ತು. ಅವಳ ಹೆಬ್ಬೆರಳು ಅಲ್ಲೇ ನಿಂತಿತು.

"ಮಾಮಾ," ಎಂದಳು. ದನಿ ಬೇರೆಯಾಗಿತ್ತು. "ಇದು ಮಾವನದು."

"ಗೆರ್ಹಾರ್ಡರದಾ? ಖಂಡಿತ?"

"ಒಂಬತ್ತು ವರ್ಷದವಳಿದ್ದಾಗ ಇದರಲ್ಲೇ ಗುರಿ ಹಿಡಿಯೋದು ಕಲಿಸಿದ್ರು. ಈ ಚಪ್ಪಟೆ ಜಾಗಕ್ಕೆ ಹೆಬ್ಬೆರಳಿಟ್ಟು ಎಳಿ ಅನ್ನೋರು. ಕತ್ತಲಲ್ಲಿ ಕೊಟ್ರೂ ಗುರುತು ಹಿಡೀತೀನಿ."

ದೂರದಲ್ಲಿ ಹಾಡು ಎದ್ದಿತು. ಮೊದಲು ಜೆಡೆಕಿಯಾನ ಒಂಟಿ ದನಿ, ಆಮೇಲೆ ಅರವತ್ತು ಜನರದು. ದಿಬ್ಬಣ ಹೊರಟಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಉಸಿಯೇಲ್ ನಿರ್ದೋಷಿ ಎಂದು ತೋರಿಸಲು ಈ ಎರಡನೇ ಬೋಲ್ಟನ್ನು ಹೊರಗಿಡಲೇಬೇಕು. ಹೊರಗಿಟ್ಟರೆ ಬೆರಳು ತೋರುವುದು ಗೆರ್ಹಾರ್ಡರ ಕಡೆಗೆ. ಹೆಣ್ಣಿನ ಕೈಹಿಡಿದು ಹೊರಗೆ ತಂದು, ಹರಸಿ ಕೊಡಬೇಕಾದವರು ಅವರು. ಅವರು ಕೊಡದಿದ್ದರೆ ಬೇರೆ ಯಾರೂ ಕೊಡುವಂತಿಲ್ಲ.

"ತಮ್ಮ ಹೋರಿಗೆ ತಾವೇ ಯಾಕೆ ಹೊಡೀತಾರೆ?" ಎಂದಳು ವೆಟುನಾ. "ಉಸಿಯೇಲ್ ಬೇಡ ಅಂದಿದ್ರೆ ಬಾಯಿಬಿಟ್ಟು ಹೇಳ್ತಿದ್ರು. ನಾನು ಅವರ ಹೆಗಲ ಮೇಲೆ ಬೆಳೆದವಳು ಮಾಮಾ."

"ನಾನು ಕೇಳ್ತೀನಿ."

"ಬೇಡ. ನಾನೇ ಕೇಳ್ತೀನಿ."

ಬಾಗಿಲು ತಟ್ಟಿದ ಸದ್ದು. ಗೆರ್ಹಾರ್ಡರ ಕೋಲು. "ಸಾರ್ಜೆಂಟ್, ಹನ್ನೊಂದೂ ಐವತ್ತು. ಅವರು ಬೇಲಿ ಹತ್ರ ಬಂದ್ರು. ಏನು ಹೇಳ್ತೀರಿ?"

ವೆಟುನಾ ತಲೆಯ ಮೇಲಿನ ಹಸಿರು ಮುಂಡಾಸನ್ನು ಸರಿಪಡಿಸಿಕೊಂಡಳು. ಎರಡು ಬೋಲ್ಟನ್ನೂ ಎರಡು ಕೈಯಲ್ಲಿ ಹಿಡಿದು ತಾನೇ ಬಾಗಿಲು ತೆರೆದಳು. ಅವಳನ್ನು ಕಂಡು ಹಿಲ್ಡೆಗಾರ್ಡ್ ಎದೆ ಮೇಲೆ ಕೈ ಇಟ್ಟುಕೊಂಡಳು. ಗೆರ್ಹಾರ್ಡರ ಗಡಸು ಮುಖ ಬಿಸಿಲಿಗಿಟ್ಟ ಬೆಣ್ಣೆಯಾಯಿತು.

"ಮಾವ, ದುರ್ಬೀನು ಒರೆಸಿದ್ದು ನಾನು," ಎಂದಳು ವೆಟುನಾ. "ಈ ಬೋಲ್ಟು ಬಿಚ್ಚಿ ತಂದದ್ದೂ ನಾನೇ. ಉಸಿಯೇಲನ ಬಂದೂಕಿನದು. ಅಂಕಿ ನೋಡಿ."

ಗೆರ್ಹಾರ್ಡ್ ಹಿಲ್ಡೆಗಾರ್ಡಳ ತೊಡೆಯ ಮೇಲಿದ್ದ ಬಂದೂಕಿನ ನಳಿಗೆ ನೋಡಿದರು, ಬೋಲ್ಟು ನೋಡಿದರು, ಮತ್ತೆ ನಳಿಗೆ ನೋಡಿದರು. ಬಂದೂಕಿನ ವಿಷಯವನ್ನು ಅವರಿಗೆ ಎರಡು ಸಲ ಹೇಳಬೇಕಿರಲಿಲ್ಲ.

"ಅಂದ್ರೆ ಗುರುವಾರ ಸಂಜೆ ಇದರೊಳಗಿದ್ದದ್ದು ಬೇರೆ ಬೋಲ್ಟು," ಎಂದರು. "ಅಂದ್ರೆ ಹುಡುಗ ಅಲ್ಲ." ಟೋಪಿ ತೆಗೆದು ನೆರೆತ ತಲೆ ಸವರಿಕೊಂಡರು. "ಅಲ್ಲ ನೋಡು. ನಾನು ಅವನನ್ನ ಎರಡು ದಿನ ಸುಮ್ಮನೆ ಗೋಳು ಹುಯ್ಕೊಂಡೆ."

ಬೇಲಿಯ ಕಡೆ ತಿರುಗಿ, ಕೋಲು ಮೇಲೆತ್ತಿ, ಇಡೀ ಬಯಲಿಗೆ ಕೇಳುವಂತೆ ಕೂಗಿದರು. "ಒಳಗೆ ಬನ್ನಿ. ಎಲ್ಲರೂ ಬನ್ನಿ. ಆ ಮೇಷ್ಟ್ರನ್ನ ಮುಂದೆ ಕಳಿಸಿ, ನಾನು ಮೊದಲು ಅವನ ಹತ್ರ ತಪ್ಪಾಯ್ತು ಅನ್ಬೇಕು."

ಹೆಂಗಸರ ಸಂತೋಷದ ಕೇಕೆಗೆ ಮುಳ್ಳುಮರದ ಹಕ್ಕಿಗಳು ಎದ್ದು ಹಾರಿದವು. ಬೇಲಿಯ ಬಳಿ ಉಸಿಯೇಲನನ್ನು ಯಾರೋ ಹೆಗಲ ಮೇಲೆತ್ತಿದರು. ಅವನ ಕನ್ನಡಕ ಬಿತ್ತು, ಅದನ್ನು ತುಳಿದರೂ ಅವನು ನಗುತ್ತಲೇ ಇದ್ದ. ಕಿವಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡ ಕೈಸರ್ ಕೊಟ್ಟಿಗೆಯಿಂದ ಒಂದು ಸಲ ಗುಟುರು ಹಾಕಿತು. ಹಿಲ್ಡೆಗಾರ್ಡ್ ಅಳುತ್ತಾ ನಗುತ್ತಾ ಬಂದೂಕನ್ನು ಮಗುವಿನಂತೆ ತಟ್ಟುತ್ತಿದ್ದಳು.

ವೆಟುನಾ ಮಾತ್ರ ಕದಲಲಿಲ್ಲ. ಎಡಗೈಯನ್ನು ಮುಂದೆ ಚಾಚಿದಳು. "ಮಾವ, ಇದು?"

ಎಲ್ಫ್ರೀಡಾ ಮುದುಕರ ಮುಖವನ್ನೇ ದಿಟ್ಟಿಸಿದಳು. ಕಣ್ಣಿನ ಒಂದು ಎವೆಯಿಕ್ಕುವಿಕೆಯೂ ತಪ್ಪಿಹೋಗಬಾರದು.

ಗೆರ್ಹಾರ್ಡರ ಮುಖ ಅರಳಿತು. ಬೋಲ್ಟನ್ನು ತೆಗೆದುಕೊಂಡು, ಚಪ್ಪಟೆ ಜಾಗಕ್ಕೆ ಹೆಬ್ಬೆರಳಿಟ್ಟು ನೋಡಿದರು. "ಅರೆ, ನಂದಲ್ವಾ ಇದು. ರಿಪೇರಿ ಆಯ್ತಾ ಸಾರ್ಜೆಂಟ್? ಸಡಿಲಾಗಿದ್ದ ಸ್ಪ್ರಿಂಗ್ ಬದಲಾಯಿಸಿಬಿಟ್ರಾ? ಒಳ್ಳೇ ದಿನ ನೋಡಿ ತಂದ್ರಿ."

"ರಿಪೇರಿ?" ಎಂದಳು ಎಲ್ಫ್ರೀಡಾ. "ನನಗೆ ಯಾವಾಗ ಕೊಟ್ಟಿದ್ರಿ ತಾತೆ?"

"ಹೋದ ತಿಂಗಳು. ನಿಮ್ಮ ಮನೆಗೇ ಬಂದಿದ್ದೆ. ನೀವು ವಿಂಡ್‌ಹುಕ್‌ಗೆ ಹೋಗಿದ್ರಿ, ಜೆಡೆಕಿಯಾ ಕೈಲಿ ಕೊಟ್ಟು ಬಂದೆ. ಹೇಳ್ಲಿಲ್ವಾ ಅವನು?" ಬೋಲ್ಟನ್ನು ಮತ್ತೆ ಅವಳ ಅಂಗೈಗೆ ಇಟ್ಟರು. "ಈಗ ನೀವೇ ಇಟ್ಕೊಂಡಿರಿ, ನನಗೆ ಎರಡು ಕೈಯೂ ಹುಡುಗಿಗೆ ಬೇಕು."

ಅವರು ವೆಟುನಾಳ ಕೈ ಹಿಡಿದು ಮೆಟ್ಟಿಲಿನ ಕಡೆ ತಿರುಗಿದರು. ವೆಟುನಾ ಒಂದು ಕ್ಷಣ ಹಿಂದಿರುಗಿ ನೋಡಿದಳು. ಆ ಬೋಲ್ಟು ಕೊನೆಗೆ ಜೆಡೆಕಿಯಾನ ಕೈಯಲ್ಲಿತ್ತು ಅಂದರೆ ಏನೆಂದು ಅವಳಿಗೆ ಅರ್ಥವಾಗಿತ್ತು. ಅವಳ ಮುಖದ ಮೇಲಿದ್ದ ಕನಿಕರ ಕಂಡು ಎಲ್ಫ್ರೀಡಾಳಿಗೆ ಬಿಸಿನೀರು ಸುರಿದಂತಾಯಿತು.

ದಿಬ್ಬಣ ಅಂಗಳಕ್ಕೆ ನುಗ್ಗಿತು. ಮುಂದೆ ಜೆಡೆಕಿಯಾ, ಕಪ್ಪು ಕೋಟು, ಎತ್ತಿದ ಕೈ, ಬಯಲು ತುಂಬುವ ದನಿ. ಗುಂಪಿನ ಮೇಲಿಂದ ಹೆಂಡತಿಯನ್ನು ಕಂಡು ಹುಬ್ಬು ಹಾರಿಸಿದ. ಆಮೇಲೆ ಅವನ ನೋಟ ಅವಳ ಅಂಗೈಗೆ ಇಳಿಯಿತು.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಜೆಡೆಕಿಯಾ ಹಾಡಿನ ಸಾಲು ತಪ್ಪಿದ. ಹಿಂದಿನವರು ಅದನ್ನು ಎತ್ತಿಕೊಂಡು ಹಾಡುತ್ತಲೇ ಬಂದರು. ಎಲ್ಫ್ರೀಡಾ ಬೋಲ್ಟನ್ನು ಜೇಬಿಗೆ ಹಾಕಲಿಲ್ಲ. ಕೈಯಲ್ಲೇ ಹಿಡಿದು, ಯಾಕೆ ಹೊಡೆದೆ ಎಂದು ಅವನ ಬಾಯಿಂದಲೇ ಕೇಳಲು, ಹೊಲಿಗೆ ಬಿಚ್ಚಿದ ನಿಲುವಂಗಿಯಲ್ಲಿ ಗಂಡನ ಕಡೆ ಮೆಟ್ಟಿಲಿಳಿದಳು.